ಓದುವವಳೂ ಓಡಿಸುವವಳೂ

ಆ ಕುರ್ಚಿಯ ಮೇಲೆ ಈಗ ವನಮಾಲಾ ಕೂತಿರುತ್ತಾಳೆ.

ಮಗುವಿನ ಬಾಯಿಗೆ ಗಂಜಿ ಇಡುವಾಗ, ಕೋತಿ ಬಂದೀತೆಂದು ಮಹಡಿಯ ಬಾಗಿಲು ಎಳೆದುಕೊಳ್ಳುವಾಗ, ರಾತ್ರಿ ಕೂಸು ಒಂದು ಸಲ ಕೆಮ್ಮಿತೆಂದು ಎದ್ದು ಕೂತಾಗ, ಅಂಬುಜಾಕ್ಷಿಯ ತಲೆಯಲ್ಲಿ ಗಿರಿಗಿರಿ ಸುತ್ತುತ್ತಿದ್ದದ್ದು ಇದೊಂದೇ. ಬರೀ ಕುರ್ಚಿಯಾಗಿದ್ದರೆ ಹಾಳಾಗಿ ಹೋಗಲಿ ಅನ್ನಬಹುದಿತ್ತು. ಅದರ ಮೇಲೊಂದು ದಿಂಬಿತ್ತು. ಬಸುರಿಯಾಗಿದ್ದಾಗ ಸೊಂಟನೋವೆಂದು ತನ್ನ ಮದುವೆಯ ಸಮಯದ ನೇರಳೆ ಸೀರೆಯೊಂದರ ಸೆರಗು ಕತ್ತರಿಸಿ ಹೊಲಿದುಕೊಂಡದ್ದು. ಹೆರಿಗೆ ರಜೆಗೆಂದು ಹೊರಟ ದಿನ ಅವಸರದಲ್ಲಿ ಅದನ್ನು ಕಚೇರಿಯ ಕುರ್ಚಿಯ ಮೇಲೇ ಬಿಟ್ಟು ಬಂದಿದ್ದಳು. ಈಗ ಅದರ ಮೇಲೆ ವನಮಾಲಾ ಕೂರುತ್ತಾಳೆ. ಬಹುಶಃ ಸಮೋಸಾ ತಿಂದ ಕೈಯನ್ನು ಅದಕ್ಕೇ ಒರೆಸುತ್ತಾಳೆ.

ಅಂಬುಜಾಕ್ಷಿ ಮೈಸೂರಿನ ಹುಡುಗಿ. ಗಣಿತದಲ್ಲಿ ಬಿ.ಎಸ್ಸಿ. ಮಾಡಿದವಳು. ಕಾಶಿಯಲ್ಲಿ ದಕ್ಷಿಣದ ಯಾತ್ರಿಕರಿಗೆ ಪಿಂಡದಾನ, ಶ್ರಾದ್ಧ ಮಾಡಿಸುವ ಮನೆತನದ ರಾಮಕೃಷ್ಣನನ್ನು ಮದುವೆಯಾಗಿ ಜಂಗಮವಾಡಿಯ ಹತ್ತಿರದ ಗಲ್ಲಿಯೊಂದಕ್ಕೆ ಬಂದಿಳಿದಾಗ, ಇನ್ನು ತನ್ನ ಓದೆಲ್ಲ ಹಿಟ್ಟು ಜರಡಿ ಹಿಡಿಯುವುದಕ್ಕೇ ಸರಿ ಎಂದುಕೊಂಡಿದ್ದಳು. ಆದರೆ ಸಾರನಾಥದ ದಾರಿಯಲ್ಲಿ ಒಂದು ಗಣಕ ಸಂಸ್ಥೆ ಶುರುವಾಗಿ, ಗಣಿತ ಬಲ್ಲವರು ಬೇಕೆಂದು ಹುಡುಕುತ್ತಿತ್ತು. ಅಲ್ಲಿನ ಮುಖ್ಯಸ್ಥ ಭಾದುಡಿ ಸಾಹೇಬರು ಕಾಶಿಯ ಬಂಗಾಳಿಗಳು, ಬಾಯಲ್ಲಿ ಪಾನ್ ಇಟ್ಟುಕೊಂಡೇ ಪಾಠ ಹೇಳುವವರು. ಇವಳ ಕೈಗೆ ಒಂದು ಪ್ರೋಗ್ರಾಮಿನ ಹಾಳೆಗಳನ್ನು ಕೊಟ್ಟು, ಇದರಲ್ಲಿ ಎಲ್ಲಿ ತಪ್ಪಿದೆ ನೋಡು ಅಂದಿದ್ದರು. ಅಂಬುಜಾಕ್ಷಿ ಪೆನ್ಸಿಲು ಹಿಡಿದು, ಸಾಲು ಸಾಲಾಗಿ ಬೆರಳಾಡಿಸುತ್ತ, ಬಾಯೊಳಗೇ ಗುನುಗುತ್ತ, ತಾನೇ ಯಂತ್ರವಾದ ಹಾಗೆ ಲೆಕ್ಕ ಕಟ್ಟುತ್ತ ಹೋಗಿ, ಮಧ್ಯಾಹ್ನದ ಊಟದ ಹೊತ್ತಿಗೆ ತಪ್ಪು ಹಿಡಿದಿದ್ದಳು. ಅಂದಿನಿಂದ ಇಲಾಖೆಯಲ್ಲಿ ಅವಳ ಪೆನ್ಸಿಲಿಗೆ ಒಂದು ಹೆಸರು ಬಂತು.

ಕೂಸು ಹುಟ್ಟಿದ ಮೇಲೆ ಅವಳ ಜಾಗಕ್ಕೆ ಬಂದವಳು ವನಮಾಲಾ. ಅವಳೂ ಕನ್ನಡದವಳೇ, ಆದರೆ ಕಾಶಿಯ ಹನುಮಾನ್ ಘಾಟಿನ ಪುರೋಹಿತರ ಮನೆಯಲ್ಲಿ ಹುಟ್ಟಿ ಬೆಳೆದವಳು, ಹಿಂದಿ ಶಾಲೆಯಲ್ಲಿ ಓದಿದವಳು. "ಅಕ್ಕಾ, ನೀವು ಬಿಲ್ಕುಲ್ ಫಿಕರ್ ಮಾಡಬೇಡಿ, ನಾನು ಸಂಭಾಳಿಸ್ತೀನಿ" ಎಂದು ಮೊದಲ ದಿನವೇ ಹೇಳಿದ್ದಳು. ಸಂಭಾಳಿಸುತ್ತಾಳಂತೆ! ಅವಳಿಗೆ ಹಾಳೆ ಓದುವ ತಾಳ್ಮೆಯೇ ಇರಲಿಲ್ಲ. ಪ್ರೋಗ್ರಾಮನ್ನು ತೂತು ಹೊಡೆದಿಟ್ಟ ಕಾರ್ಡುಗಳ ಕಟ್ಟನ್ನು ಯಂತ್ರಕ್ಕೆ ಕೊಟ್ಟು, ಯಾರೂ ಕೇಳದಂಥ ಪ್ರಶ್ನೆಗಳನ್ನು ಅದಕ್ಕೆ ಕೇಳುವುದು ಅವಳ ರೀತಿ. ಸಂಬಳದ ಪ್ರೋಗ್ರಾಮಿಗೆ ಸೊನ್ನೆ ದಿನ ಕೆಲಸ ಮಾಡಿದವನನ್ನು ಕೊಡುತ್ತಿದ್ದಳು, ಫೆಬ್ರವರಿ ಮೂವತ್ತನ್ನು ಕೊಡುತ್ತಿದ್ದಳು. ಯಂತ್ರ ಎಡವಿದರೆ ಚಪ್ಪಾಳೆ ತಟ್ಟುತ್ತಿದ್ದಳು. ಸೈಕಲ್ಲಿನ ಮೇಲೆ ಸಾರನಾಥದ ದಾರಿ ಹಿಡಿದು, ಜಡೆ ಹಿಂದಕ್ಕೆ ಹಾರಿಸಿಕೊಂಡು ಹೋಗುತ್ತಿದ್ದಳು.

"ಆ ವನಮಾಲಾ ಇವತ್ತು ಗೋದೌಲಿಯಾ ಚೌಕದಲ್ಲಿ ಸಿಕ್ಕಿದ್ಲು ಕಣೇ. ರಿಕ್ಷಾ, ಎತ್ತು, ಎಲ್ಲದರ ಮಧ್ಯೆ ಸರ್ರನೆ ನುಗ್ಗಿಸಿಕೊಂಡು ಹೋದ್ಲು. ಭಾರೀ ಚುರುಕು" ಎಂದು ರಾಮಕೃಷ್ಣ ಒಮ್ಮೆ ಹೇಳಿದ್ದ.

"ಕೂಸಿಲ್ಲದ ಕಂಕುಳು, ಚುರುಕಾಗಿರದೆ ಏನು" ಎಂದಿದ್ದಳು ಅಂಬುಜಾಕ್ಷಿ. ಆಮೇಲೆ ತನ್ನ ಮಾತಿಗೆ ತಾನೇ ಹೆದರಿ, ಕೂಸಿಗೆ ದೃಷ್ಟಿ ತೆಗೆದಿದ್ದಳು.

ಹೀಗಿರುವಾಗ ಎಪ್ಪತ್ತೆಂಟರ ಬೇಸಗೆಯಲ್ಲಿ ಭಾದುಡಿ ಸಾಹೇಬರ ತಲೆಗೆ ಒಂದು ಯೋಚನೆ ಬಂತು. ಇಲಾಖೆಯಲ್ಲಿ ದಿನ ಬೆಳಗಾದರೆ ಜಗಳ. ಓದಿಯೇ ತಪ್ಪು ಹುಡುಕಬೇಕು ಎಂದು ಕೆಲವರು, ಓಡಿಸಿ ನೋಡಿದರೇ ಗೊತ್ತಾಗುವುದು ಎಂದು ಕೆಲವರು. ಸಾಹೇಬರು ಪಾನ್ ಉಗಿದು ಬಂದು ಹೇಳಿದರಂತೆ, "ನೀವೆಲ್ಲ ನಿಮ್ಮ ನಂಬಿಕೆ ಹೇಳ್ತಿದ್ದೀರಿ. ನಂಬಿಕೆಗೆ ದೇವಸ್ಥಾನ ಇದೆ, ಇಲ್ಲಿ ನನಗೆ ಪುರಾವೆ ಬೇಕು." ಸರಿಯಾಗಿ ನಡೆಯುತ್ತಿದ್ದ ಹಳೆಯ ಪ್ರೋಗ್ರಾಮುಗಳನ್ನು ತೆಗೆದುಕೊಂಡು, ಅವುಗಳೊಳಗೆ ತಾವೇ ಕದ್ದು ತಪ್ಪುಗಳನ್ನು ಹುದುಗಿಸಿಟ್ಟರು. ಒಂದು ಪ್ರತಿ ಹಾಳೆಯ ಮೇಲೆ ಅಂಬುಜಾಕ್ಷಿಗೆ. ಅವಳು ಯಂತ್ರ ಮುಟ್ಟುವಂತಿಲ್ಲ. ಇನ್ನೊಂದು ಪ್ರತಿ ಕಾರ್ಡಿನಲ್ಲಿ ವನಮಾಲಾಗೆ. ಅವಳು ಒಳಗಿನ ಸಾಲುಗಳನ್ನು ನೋಡುವಂತಿಲ್ಲ, ಏನು ಬೇಕೆಂದು ಗಿರಾಕಿ ಬರೆದುಕೊಟ್ಟ ಕಾಗದ ಮಾತ್ರ ನೋಡಬಹುದು. ಯಾರು ಹೆಚ್ಚು ಹಿಡಿಯುತ್ತಾರೆ, ಯಾರು ಇಲ್ಲದ ತಪ್ಪನ್ನು ಇದೆ ಎಂದು ಕೂಗುತ್ತಾರೆ, ಎರಡನ್ನೂ ಬರೆದಿಡುವುದು. ಗೆದ್ದ ರೀತಿಯೇ ಇನ್ನು ಮುಂದೆ ಇಲಾಖೆಯ ರೀತಿ.

ಅಂಬುಜಾಕ್ಷಿಗೆ ಇದು ಪುರಾವೆಯ ಮಾತಾಗಿರಲಿಲ್ಲ, ಉಸಿರಿನ ಮಾತಾಗಿತ್ತು. ಓದುವುದೇ ಗೆದ್ದರೆ ಹಾಳೆಗಳು ಮನೆಗೆ ಬರುತ್ತವೆ. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಓದಬಹುದು, ಕೆಲಸ ಉಳಿಯುತ್ತದೆ. ಓಡಿಸುವುದು ಗೆದ್ದರೆ ಯಂತ್ರ ಮನೆಗೆ ಬರುವುದಿಲ್ಲ. ವರ್ಷ ತುಂಬದ ಕೂಸನ್ನು ಬಿಟ್ಟು ಸಾರನಾಥಕ್ಕೆ ಅವಳು ಹೋಗುವ ಹಾಗಿಲ್ಲ. ಕುರ್ಚಿ, ದಿಂಬು, ಹೆಸರು, ಎಲ್ಲ ಆ ಸೈಕಲ್ಲಿನವಳ ಪಾಲು.

ಹಾಳೆಗಳನ್ನು ತರುತ್ತಿದ್ದವನು ಕುಮಾರಯ್ಯ. ಧಾರವಾಡದ ಕಡೆಯವನು, ಬಂದು ಇನ್ನೂ ವರ್ಷವಾಗಿರಲಿಲ್ಲ. ಜಂಗಮವಾಡಿ ಮಠದಲ್ಲೇ ಇಳಿದುಕೊಂಡು ಸಂಸ್ಥೆಯಲ್ಲಿ ಪ್ರೋಗ್ರಾಂ ಬರೆಯುತ್ತಿದ್ದ. ಸಂಜೆ ಮಠಕ್ಕೆ ಹೋಗುವ ದಾರಿಯಲ್ಲಿ ಹಾಳೆ ಕೊಟ್ಟು, ಒಂದು ಲೋಟ ಕಾಫಿ ಕುಡಿದು, ಸಂಸ್ಥೆಯಲ್ಲಿ ಬೇಡವಾದ ತೂತಿನ ಕಾರ್ಡುಗಳನ್ನು ಕೂಸಿಗೆ ಆಟಕ್ಕೆ ಕೊಟ್ಟು ಹೋಗುತ್ತಿದ್ದ. ಕೂಸು ಅವನ್ನು ಚೀಪುತ್ತಿತ್ತು. ಅವುಗಳ ಶಾಯಿ ಹೊಟ್ಟೆಗೆ ಹೋದರೆ ಏನು ಗತಿ ಎಂದು ಅಂಬುಜಾಕ್ಷಿ ಕಿತ್ತುಕೊಳ್ಳುತ್ತಿದ್ದಳು.

"ಏನು ಹುಡುಕ್ತೀಯೆ ಆ ಕಾಗದದಲ್ಲಿ, ಹೇನು ನೋಡಿದ ಹಾಗೆ" ಎಂದು ಅತ್ತೆ ಅನಂತಲಕ್ಷ್ಮಿ ಕೇಳುತ್ತಿದ್ದರು.

"ಹೇನೇ ಅತ್ತೆ. ಸಾಹೇಬರೇ ಬಿಟ್ಟಿರೋ ಹೇನು."

"ಅವರೇ ಬಿಟ್ಟಿದ್ದಾರೆ ಅಂದ್ಮೇಲೆ ಅವರೇ ಹೆಕ್ಕಿಕೊಳ್ಳಲಿ. ನಿನಗ್ಯಾಕೆ?"

ಅತ್ತೆಗೆ ಹೇಗೆ ವಿವರಿಸುವುದು? ಅಂಬುಜಾಕ್ಷಿ ಹಿಡಿದಳು. ಒಂದಾದ ಮೇಲೊಂದು ಹಿಡಿದಳು. ಯಂತ್ರ ಎಂದೂ ಹೋಗದ ಮೂಲೆಯಲ್ಲಿ ಕೂತಿದ್ದ ತಪ್ಪು, ಒಂದನ್ನೊಂದು ಮುಚ್ಚಿ ಹಾಕುತ್ತಿದ್ದ ಜೋಡಿ ತಪ್ಪು, ಇವು ವನಮಾಲಾಗೆ ದಕ್ಕಲಿಲ್ಲ ಎಂದು ಕುಮಾರಯ್ಯ ಬಂದು ಹೇಳಿದಾಗ ಅವಳಿಗೆ ಮಜ್ಜಿಗೆ ಕುಡಿದಷ್ಟು ತಂಪಾಯಿತು. ಆದರೆ ಇವಳ ಕಣ್ಣಿಗೆ ತಪ್ಪಿಸಿಕೊಂಡಿದ್ದ ಕೆಲವನ್ನು ಅವಳೂ ಹಿಡಿದಿದ್ದಳು. ಅದನ್ನು ಕೇಳಿದ ದಿನ ಸಾರಿಗೆ ಎರಡು ಸಲ ಉಪ್ಪು ಬಿತ್ತು. ಕೊನೆಗೆ ಲೆಕ್ಕ ಸಮಸಮ ಬಂದು ನಿಂತಿತು.

ಉಳಿದದ್ದು ಒಂದು ಪ್ರೋಗ್ರಾಂ. ಅದು ಹಳೆಯದಲ್ಲ, ಕುಮಾರಯ್ಯನೇ ಹೊಸದಾಗಿ ಬರೆದದ್ದು. ಊರಿನ ಒಂದು ಯಾತ್ರಿ ಸೇವಾ ಸಮಿತಿಯವರಿಗೆ ಬೇಕಾದದ್ದು. ಮಾಸ, ಪಕ್ಷ, ತಿಥಿ ಕೊಟ್ಟರೆ ಆ ವರ್ಷದ ಇಂಗ್ಲಿಷ್ ತಾರೀಖು ಅಚ್ಚಾಗಿ ಬರಬೇಕು, ದೂರದ ಊರಿನ ಜನಕ್ಕೆ ಶ್ರಾದ್ಧಕ್ಕೆ ಯಾವತ್ತು ಬರಬೇಕೆಂದು ಕಾಗದ ಹಾಕಬಹುದು. ಸಾಹೇಬರು ಇದರಲ್ಲಿ ಏನನ್ನೂ ಹುದುಗಿಸಿರಲಿಲ್ಲ. ತಪ್ಪಿಲ್ಲದ ಕಡೆ ತಪ್ಪಿದೆ ಎಂದು ಯಾರು ಕೂಗುತ್ತಾರೋ ನೋಡೋಣ ಎಂದೇ ಇದನ್ನು ನಡುವೆ ಸೇರಿಸಿದ್ದರು. ಅಂಬುಜಾಕ್ಷಿ ಪೂರಾ ಓದಿ, ಶುದ್ಧವಾಗಿದೆ ಎಂದು ಬರೆದು ಕಳಿಸಿದಳು.

ಮರುದಿನ ಕುಮಾರಯ್ಯ ನಗುತ್ತಲೇ ಮೆಟ್ಟಿಲು ಹತ್ತಿದ. "ಅಕ್ಕಾರ, ಕೇಳ್ರಿಲ್ಲಿ ತಮಾಷೆ. ವನಮಾಲಾ ನನ್ನ ಪ್ರೋಗ್ರಾಂ ತಪ್ಪದ ಅಂತಾಳ. ಶಿವರಾತ್ರಿ ಮಾರ್ಚಿನಾಗ ಬರೋದು ಬಿಟ್ಟು ಏಪ್ರಿಲಿನಾಗ ಬಂತಂತ. ಯಾಕ ಬಂತು ಗೊತ್ತೇನ್ರಿ? ಆಕಿ ಫಾಲ್ಗುಣ ಅಂತ ಕೊಟ್ಟಾಳ!"

"ಫಾಲ್ಗುಣವಾ? ಮಾಘ ಬಹುಳ ಚತುರ್ದಶಿ ಅಲ್ವೇನೋ ಶಿವರಾತ್ರಿ?"

"ಮತ್ತ! ಚಿಕ್ಕ ಹುಡುಗರಿಗೂ ಗೊತ್ತದ. ಸಾಹೇಬರು ನನ್ನ ಕೇಳಿದ್ರು, ನಾ ಹೇಳಿದೆ. ನಿಮ್ಮನ್ನೂ ಒಂದು ಮಾತು ಕೇಳ್ಕೊಂಡು ಬಾ ಅಂದ್ರು. ಅವರು ಬಂಗಾಲಿ ಮಂದಿ, ಅವರ ತಿಂಗಳು ಸೂರ್ಯನ ಮ್ಯಾಲ ನಡೀತಾವ, ಅವರಿಗೇನು ತಿಳೀಬೇಕು ಇದು."

ಅಂಬುಜಾಕ್ಷಿ ನಕ್ಕಳು. ಕೂಸು ಬೆಚ್ಚಿ ಬೀಳುವಷ್ಟು ನಕ್ಕಳು. "ಪುರೋಹಿತರ ಮನೆ ಹುಡುಗಿಗೆ ಶಿವರಾತ್ರಿ ಯಾವ ಮಾಸ ಅನ್ನೋದೇ ಗೊತ್ತಿಲ್ವಲ್ಲೋ! ಹಿಂದಿ ಶಾಲೆ ಓದು ಅಂದ್ರೆ ಇದೇ. ಹೇಳು ಸಾಹೇಬರಿಗೆ, ನಾನು ಹೇಳ್ದೆ ಅಂತ ಹೇಳು."

ನಗುವ ನಡುವೆ ಎಲ್ಲೋ ಒಂದು ಸಣ್ಣ ಮುಳ್ಳು ಚುಚ್ಚಿದ ಹಾಗಾಯಿತು. ಫಾಲ್ಗುಣ ಎಂಬ ಮಾತನ್ನು ಶಿವರಾತ್ರಿಯ ಜೊತೆಗೇ ಎಲ್ಲೋ ಕೇಳಿದ್ದೇನಲ್ಲ ಎನಿಸಿತು. ಅದನ್ನು ಹಿಡಿದು ನೋಡುವ ಮನಸ್ಸು ಅವಳಿಗಿರಲಿಲ್ಲ. ಆ ಸಂಜೆ ತುಪ್ಪ ಸುರಿದು ಸಜ್ಜಿಗೆ ಮಾಡಿದಳು.

"ಏನು ವಿಶೇಷ?" ಎಂದ ರಾಮಕೃಷ್ಣ.

"ಏನಿಲ್ಲ. ನಿಮ್ಮ ಚುರುಕಿನವರು ಎಡವಿದರು."

ಸೋಮವಾರ ಸಾಹೇಬರು ಎಲ್ಲರಿಗೂ ಫಲಿತಾಂಶ ಹೇಳುವುದಿತ್ತು. ಅಂದೇ ಸಮಿತಿಯವರು ಬಂದು ಅಚ್ಚಾದ ಪಟ್ಟಿಯನ್ನು ಒಯ್ಯುವುದಿತ್ತು. ಸಮಸಮವಾಗಿದ್ದ ತಕ್ಕಡಿ, ವನಮಾಲಾ ಇಲ್ಲದ ತಪ್ಪು ಕೂಗಿದಳೆಂಬ ಒಂದೇ ಕಾರಣಕ್ಕೆ ಇವಳ ಕಡೆ ವಾಲಿತ್ತು.

ಆ ಸೋಮವಾರದ ಬೆಳಿಗ್ಗೆ ದಾವಣಗೆರೆಯ ಕಡೆಯಿಂದ ಇಬ್ಬರು ಮುದುಕ ಮುದುಕಿ ಬಂದು ಜಗಲಿಯಲ್ಲಿ ಕೂತರು. ಮುದುಕರ ತಾಯಿಯ ಶ್ರಾದ್ಧ. ಅಂಬುಜಾಕ್ಷಿ ಒಳಗೆ ಕೂಸಿಗೆ ತಲೆ ಬಾಚುತ್ತಿದ್ದಳು. ಹೊರಗಿನಿಂದ ಗಂಡನ ದನಿ ಬರುತ್ತಿತ್ತು. ದಿನವೂ ಬರುವ ಅದೇ ದನಿ, ಅದೇ ಪ್ರಶ್ನೆ.

"ತಿಥಿ ಯಾವುದು ಯಜಮಾನರೇ?"

"ಶ್ರಾವಣ ಬಹುಳ ಷಷ್ಠಿ ಸ್ವಾಮಿ. ಇವತ್ತೇ ಅಂತಲ್ಲ."

"ನಿಮ್ಮೂರ ಶ್ರಾವಣವೋ, ಕಾಶಿ ಶ್ರಾವಣವೋ?"

ಬಾಚಣಿಗೆ ನಿಂತಿತು.

ಈ ಪ್ರಶ್ನೆಯನ್ನು ಅವಳು ಮದುವೆಯಾಗಿ ಬಂದಾಗಿನಿಂದ ಕೇಳುತ್ತಿದ್ದಳು. ಗಲ್ಲಿಯಲ್ಲಿ ತರಕಾರಿಯವನು ಕೂಗುವ ಹಾಗೆ, ಗುಡಿಯ ಗಂಟೆ ಬಾರಿಸುವ ಹಾಗೆ. ಕಿವಿಗೆ ಬಿದ್ದೂ ಬಿದ್ದೂ ಕೇಳದೇ ಹೋಗಿತ್ತು.

"ಅದೇನು ಸ್ವಾಮಿ, ಶ್ರಾವಣ ಅಂದ್ರೆ ಶ್ರಾವಣ. ನಮ್ಮ ಅಳಿಯ ಅಲಹಾಬಾದಿನಾಗೆ ರೈಲ್ವೆಯಲ್ಲಿದಾನೆ. ಅವನೇ ಪಂಚಾಂಗ ನೋಡಿ, ಇಂಥ ದಿನ ಬನ್ನಿ ಅಂತ ಬರೆದಿದ್ದ."

"ಅಲ್ಲಿಗೆ ಬಂತು ನೋಡಿ. ಅಳಿಯಂದಿರು ಇಲ್ಲಿಯ ಪಂಚಾಂಗ ನೋಡಿದ್ದಾರೆ. ನಮಗೆ ಅಮಾವಾಸ್ಯೆಗೆ ತಿಂಗಳು ಮುಗಿಯುತ್ತೆ, ಇಲ್ಲಿಯವರಿಗೆ ಹುಣ್ಣಿಮೆಗೇ ಮುಗಿಯುತ್ತೆ. ಶುಕ್ಲಪಕ್ಷ ಇಬ್ಬರಿಗೂ ಒಂದೇ, ತೊಂದರೆಯಿಲ್ಲ. ಕೃಷ್ಣಪಕ್ಷ, ಅದೇ ಬಹುಳ, ಬಂತೋ, ಇವರು ಮುಂದಿನ ತಿಂಗಳ ಹೆಸರು ಹಿಡಿದುಬಿಡ್ತಾರೆ. ಇವರ ಶ್ರಾವಣ ಕೃಷ್ಣಪಕ್ಷ ನಮಗಿನ್ನೂ ಆಷಾಢ. ನಿಮ್ಮ ತಾಯಿಯವರ ತಿಥಿಗೆ ಇನ್ನೂ ಒಂದು ತಿಂಗಳಿದೆ ಯಜಮಾನರೇ."

ಆಮೇಲೆ ಮುದುಕಿಯ ದನಿ. "ಇನ್ನೊಂದು ಸಲ ಅಷ್ಟು ದೂರದಿಂದ ಬರಾಕಾಗ್ತದೇನ್ರೀ ಇವರಿಗೆ? ಕಣ್ಣು ಕಾಣಂಗಿಲ್ಲ. ಅವ್ವನ ಕೆಲಸ ಕಾಶಿಯಾಗೆ ಒಂದ್ಸಲ ಮಾಡ್ತೀನಿ ಅಂತ ಹರಕೆ ಹೊತ್ತಿದ್ರು."

ರಾಮಕೃಷ್ಣ ಏನೋ ಸಮಾಧಾನ ಹೇಳುತ್ತಿದ್ದ. ಗಂಗೆಯ ದಡದಲ್ಲಿ ಯಾವತ್ತು ಮಾಡಿದರೂ ತೀರ್ಥಶ್ರಾದ್ಧವಾಗುತ್ತದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು. ಅಂಬುಜಾಕ್ಷಿ ಕೂಸನ್ನು ಅತ್ತೆಯ ತೊಡೆಗೆ ಹಾಕಿ, ಟ್ರಂಕಿನ ಮೇಲಿದ್ದ ಕುಮಾರಯ್ಯನ ಪ್ರೋಗ್ರಾಮಿನ ಹಾಳೆಗಳನ್ನು ತೆಗೆದಳು.

ಮತ್ತೆ ಓದಿದಳು. ಬೆರಳಿಟ್ಟು ಓದಿದಳು. ಈಗ ತಪ್ಪು ಇದೆಯೆಂದು ಗೊತ್ತಿದ್ದೂ ಓದಿದಳು. ಪ್ರತಿ ಸಾಲೂ ಸರಿಯಾಗಿತ್ತು. ತಪ್ಪು ಯಾವ ಸಾಲಿನಲ್ಲೂ ಇರಲಿಲ್ಲ. ಸಮಿತಿಯವರು ಕಾಶಿಯವರು, ಮಾಸ ಎಂದರೆ ಇನ್ನೊಂದು ರೀತಿ ಇರಬಹುದೆಂದು ಅವರಿಗೆ ಹೊಳೆದಿರಲಿಲ್ಲ, ಅದಕ್ಕೇ ಕಾಗದದಲ್ಲಿ ಬರೆದಿರಲಿಲ್ಲ. ಕುಮಾರಯ್ಯ ಧಾರವಾಡದ ತಿಂಗಳನ್ನು ಬರೆದ. ಮೈಸೂರಿನವಳು ಅದನ್ನು ತನ್ನ ತಿಂಗಳೆಂದೇ ಓದಿದಳು. ವನಮಾಲಾಳ ಫಾಲ್ಗುಣ ಬಹುಳವೇ ಇವರ ಮಾಘ ಬಹುಳ. ಬರೆದವನ ತಲೆಯಲ್ಲೂ ಓದಿದವಳ ತಲೆಯಲ್ಲೂ ಒಂದೇ ಚಂದ್ರ. ಇನ್ನು ಸಾವಿರ ಸಲ ಓದಿದರೂ ಅಷ್ಟೇ. ಇದು ಸಿಕ್ಕುತ್ತಿದ್ದದ್ದು ಒಂದೇ ರೀತಿಯಲ್ಲಿ. ಕಾಶಿಯಲ್ಲಿ ಹುಟ್ಟಿ ಬೆಳೆದವರೊಬ್ಬರು, ಒಳಗೇನಿದೆ ಎಂದು ನೋಡದೆ, ತಮಗೆ ಗೊತ್ತಿರುವ ಹಬ್ಬವನ್ನು ಅದಕ್ಕೆ ಕೊಟ್ಟು ನೋಡಬೇಕಿತ್ತು.

ಯಾವ ತಪ್ಪನ್ನು ಇಲ್ಲ ಎಂದಿದ್ದರೋ ಅದೊಂದೇ ನಿಜವಾದ ತಪ್ಪು. ಉಳಿದವೆಲ್ಲ ಸಾಹೇಬರು ಬೇಕೆಂದೇ ಇಟ್ಟವು.

ಹಾಳಾದವಳು, ಎಂದುಕೊಂಡಳು ಅಂಬುಜಾಕ್ಷಿ. ಸರಿಯಾಗಿ ಇದೇ ಸಿಗಬೇಕಿತ್ತೇ ಇವಳಿಗೆ!

ಆಮೇಲೆ ಒಲೆಯ ಮುಂದೆ ಕೂತು ತನಗೆ ತಾನೇ ವಾದ ಹೂಡಿದಳು. ನಮ್ಮ ಲೆಕ್ಕದಲ್ಲಿ ಪ್ರೋಗ್ರಾಂ ಸರಿಯೇ ಇದೆಯಲ್ಲ. ಕೇಳಿದಾಗ ನನಗೆ ಗೊತ್ತಿದ್ದದ್ದನ್ನು ಹೇಳಿದೆ, ಸುಳ್ಳು ಹೇಳಲಿಲ್ಲ. ಸಮಿತಿಯವರೇ ಮುಂದೆ ಕಂಡುಕೊಳ್ಳುತ್ತಾರೆ. ಯಾವಾಗ? ಪಟ್ಟಿ ನೋಡಿ ಊರೂರಿಗೆ ಕಾಗದ ಹೋದ ಮೇಲೆ. ಯಾರೋ ಬಿಹಾರದವರು, ಯಾರೋ ಗೋರಖಪುರದವರು, ಗಂಟು ಕಟ್ಟಿಕೊಂಡು ಬಂದು ಯಾವುದೋ ಜಗಲಿಯಲ್ಲಿ ಕೂತ ಮೇಲೆ. ಜಗಲಿಯ ಈ ಮುದುಕರಿಗಾದರೆ ತಿಂಗಳು ಇನ್ನೂ ಬಂದಿಲ್ಲ. ಅವರಿಗೆ ತಿಥಿ ಕಳೆದೇ ಹೋಗಿರುತ್ತದೆ.

ಜಗಲಿಯ ಮುದುಕರು ಇನ್ನೂ ಹಾಗೇ ಕೂತಿದ್ದರು. ಅತ್ತೆ ಅವರಿಗೆ ಮಜ್ಜಿಗೆ ಕೊಟ್ಟು ಒಳಗೆ ಬಂದರು. "ಯಾಕೆ ಹೀಗೆ ಮುಖ ಸುಟ್ಟುಕೊಂಡಿದ್ದೀಯ? ಹೇನು ಸಿಗಲಿಲ್ವಾ?"

"ಸಿಕ್ತು ಅತ್ತೆ. ನನ್ನ ತಲೆಯಲ್ಲೇ ಇತ್ತು."

"ಹಾಗಾದ್ರೆ ಕೊಡವಿಕೋ. ಇಟ್ಟುಕೊಂಡ್ರೆ ಕೂಸಿಗೂ ಹತ್ತುತ್ತೆ."

ಅನಂತಲಕ್ಷ್ಮಿ ಹೇಳಿದ್ದು ನಿಜವಾದ ಹೇನಿನ ಬಗ್ಗೆಯೇ. ಸೊಸೆಯ ತಲೆಯನ್ನು ಬೆಳಕಿಗೆ ತಿರುಗಿಸಿ ನೋಡಲೂ ಹೊರಟಿದ್ದರು. ಅಂಬುಜಾಕ್ಷಿ ತಪ್ಪಿಸಿಕೊಂಡು ಎದ್ದಳು. ಮೋಡ ಮುಚ್ಚಿ ಬೇಗೆ ಕುದಿಯುತ್ತಿತ್ತು. ಈ ಹೊತ್ತಿನಲ್ಲಿ ಕೂಸನ್ನು ಹೊರಗೆ ಒಯ್ದರೆ ಜ್ವರ ಬರಬಹುದು, ಬಿಟ್ಟು ಹೋದರೆ ಅತ್ತು ಅತ್ತು ಗಂಟಲು ಕಟ್ಟಬಹುದು. ಎತ್ತಿಕೊಂಡೇ ಹೊರಟಳು.

ಗೋದೌಲಿಯಾದ ಮೂಲೆಯಲ್ಲಿ ಜೈಸ್ವಾಲನ ಔಷಧದ ಅಂಗಡಿಯಿತ್ತು. ಗಲ್ಲಿಯ ಅರ್ಧ ಜನಕ್ಕೆ ಅದೇ ಟೆಲಿಫೋನು. ಅಂಗಡಿಯ ಮುಂದೆ ಒಂದು ಗೂಳಿ ಅಡ್ಡ ಮಲಗಿತ್ತು. ಅದನ್ನು ಬಳಸಿಕೊಂಡು ಒಳಗೆ ಹೋಗುವಷ್ಟರಲ್ಲಿ ಅವಳಿಗೆ ಎರಡು ಸಲ ಹಿಂದಕ್ಕೆ ತಿರುಗುವ ಮನಸ್ಸಾಯಿತು.

"ಬಹೂಜೀ, ಮಗುವಿಗೆ ಮತ್ತೆ ಕೆಮ್ಮಾ? ಮೊನ್ನೆ ತಾನೇ ಬಾಟಲಿ ಕೊಟ್ಟೆನಲ್ಲ" ಎಂದ ಜೈಸ್ವಾಲ್ ಹಿಂದಿಯಲ್ಲಿ.

"ಕೆಮ್ಮಲ್ಲ. ಫೋನ್ ಮಾಡಬೇಕು. ಸಾರನಾಥದ ಸಂಸ್ಥೆಗೆ."

"ಮಾಡಿ, ಮಾಡಿ. ನಂಬರು?"

ನಂಬರು ಅವಳಿಗೆ ಬಾಯಿಪಾಠವಿತ್ತು. ಆ ಟೆಲಿಫೋನು ಇರುವುದು ಅದೇ ಕುರ್ಚಿಯ ಪಕ್ಕದ ಮೇಜಿನ ಮೇಲೆ, ಒಂದು ಕಾಲದಲ್ಲಿ ಅದನ್ನು ಎತ್ತುತ್ತಿದ್ದವಳು ಅವಳೇ. ಜೈಸ್ವಾಲ್ ತಿರುಗಿಸಿದ. ಮೊದಲ ಸಲ ಯಾರದೋ ಬೀಡಿ ಗೋದಾಮು ಸಿಕ್ಕಿತು. ಎರಡನೇ ಸಲ ಆ ಕಡೆ ಗಂಟೆ ಬಾರಿಸಿತು. ಕೂಸು ಟೆಲಿಫೋನಿನ ಸುರುಳಿ ದಾರವನ್ನು ಎಳೆದು ಬಾಯಿಗಿಟ್ಟುಕೊಂಡಿತು. ಎಷ್ಟು ಜನ ಮುಟ್ಟಿದ ದಾರವೋ, ಶಿವನೇ!

"ಹಲೋ, ಗಣಕ ವಿಭಾಗ." ಬೇರೆ ಯಾರು ಎತ್ತುತ್ತಾರೆ? ವನಮಾಲಾಳೇ.

ಸಾಹೇಬರನ್ನು ಕೊಡಿ ಎಂದು ಹಿಂದಿಯಲ್ಲಿ, ದನಿ ಬದಲಿಸಿ ಹೇಳಿಬಿಡಬಹುದಿತ್ತು. ಅಷ್ಟು ಹೇಳಲು ಬಾಯಿ ತೆರೆದಿದ್ದಳು ಕೂಡ.

"ನಾನು ಅಂಬುಜಾಕ್ಷಿ."

"ಅರೆ ಅಕ್ಕಾ! ಮಗು ಹ್ಯಾಗಿದಾಳೆ? ಮುಬಾರಕ್ ಅಕ್ಕಾ, ನೀವೇ ಗೆದ್ರಿ ಅಂತ ಎಲ್ಲ ಹೇಳ್ತಾ ಇದಾರೆ." ದನಿ ಸಪ್ಪೆಯಾಗಿತ್ತು. ಅದನ್ನು ಮುಚ್ಚಲು ಹುಡುಗಿ ಜೋರಾಗಿ ಮಾತಾಡುತ್ತಿದ್ದಳು. ಇದೇ ದನಿಯನ್ನು ಕೇಳಬೇಕೆಂದು ಅಂಬುಜಾಕ್ಷಿ ಎಷ್ಟು ದಿನದಿಂದ ಆಸೆಪಟ್ಟಿದ್ದಳು! ಕೇಳಿದ ಮೇಲೆ ಅದರಲ್ಲಿ ರುಚಿಯೇ ಇರಲಿಲ್ಲ. "ಆದ್ರೆ ಅಕ್ಕಾ, ಒಂದು ಮಾತು. ಶಿವರಾತ್ರಿ ಫಾಲ್ಗುಣದಲ್ಲೇ ಬರತ್ತೆ. ನಮ್ಮ ಮನೇಲಿ, ಪಡೋಸಿನ ಮನೆಗಳಲ್ಲಿ, ಶಾಲೇಲಿ, ಎಲ್ಲಾ ಕಡೆ. ನಾನೇನು ಪಾಗಲ್ ಅಲ್ಲ."

"ಗೊತ್ತು. ಪಟ್ಟಿ ಕೊಟ್ಟಾಯ್ತಾ ಸಮಿತಿಯವರಿಗೆ?"

"ಇಲ್ಲ, ಬಂದು ಕೂತಿದಾರೆ. ಚಹಾ ಕುಡೀತಿದಾರೆ. ಗೊತ್ತು ಅಂದ್ರಾ?"

"ಅವರ ಕೈಗೆ ಕೊಡಬೇಡ. ಕೃಷ್ಣಪಕ್ಷ ಇರೋ ಪ್ರತಿ ತಾರೀಖೂ ಒಂದು ತಿಂಗಳು ತಪ್ಪಿದೆ. ನೀನು ಹಿಡಿದದ್ದೇ ಸರಿ. ನಾನು, ಕುಮಾರಯ್ಯ, ಇಬ್ಬರೂ ಒಂದೇ ಪಂಚಾಂಗ ತಲೆಯಲ್ಲಿಟ್ಟುಕೊಂಡು ಓದಿದೆವು, ನಮಗೆ ಅದು ಕಾಣೋ ಹಾಗೇ ಇರಲಿಲ್ಲ. ಸಾಹೇಬರನ್ನು ಕರಿ, ನಾನೇ ಹೇಳ್ತೀನಿ."

ಆ ಕಡೆ ಕುರ್ಚಿ ಸರಿದ ಸದ್ದು ಬಂತು. ಅದರ ಎಡಗಾಲು ಹಾಗೇ ಕಿರ್ರೆನ್ನುತ್ತದೆ, ಅವಳಿಗೆ ಗೊತ್ತು.

"ಅಕ್ಕಾ," ಎಂದಳು ವನಮಾಲಾ, ಮೆಲ್ಲಗೆ. "ನೀವು ಇದನ್ನು ಹೇಳಿದ್ರೆ ಹಾಳೆ ಮನೆಗೆ ಬರೋದು ಬಂದ್ ಆಗತ್ತೆ."

"ನನಗೆ ಅದು ತಿಳಿಯಲ್ಲ ಅಂದ್ಕೊಂಡ್ಯಾ?" ಅಂಬುಜಾಕ್ಷಿಯ ದನಿ ಏರಿತು. ಜೈಸ್ವಾಲ್ ಕತ್ತೆತ್ತಿ ನೋಡಿದ. "ಕನಿಕರ ತೋರಿಸಬೇಡ ನನಗೆ. ನೀನು ಹಿಡಿದದ್ದು ನಿನ್ನ ಲೆಕ್ಕಕ್ಕೆ ಬರೆಯಲಿ. ಆದರೆ ಆ ಜೋಡಿ ತಪ್ಪನ್ನು ನೀನು ಜನ್ಮದಲ್ಲಿ ಹಿಡಿಯುತ್ತಿರಲಿಲ್ಲ, ಅದನ್ನೂ ಬರೆಯಲಿ. ಯಾವುದು ಯಾರಿಗೆ ಸಿಕ್ಕಿತು, ಯಾವುದು ಯಾಕೆ ಸಿಗಲಿಲ್ಲ, ಎಲ್ಲಾ ಪೂರಾ ಬರೆಯಲಿ. ಪುರಾವೆ ಬೇಕು ಪುರಾವೆ ಬೇಕು ಅಂತಿದ್ದರಲ್ಲ."

"ಕರೀತೀನಿ ಅಕ್ಕಾ, ಇರಿ."

"ಮತ್ತೆ ಕೇಳು. ಆ ನೇರಳೆ ದಿಂಬು ನನ್ನದು."

"ಗೊತ್ತು ಅಕ್ಕಾ. ನಾನು ಅದರ ಮೇಲೆ ಕೂರೋದೇ ಇಲ್ಲ. ಗೂಟಕ್ಕೆ ತೂಗು ಹಾಕಿದೀನಿ, ನೀವು ಬಂದ್ರೆ ಬೇಕಾಗತ್ತೆ ಅಂತ."

ಈ ಹುಡುಗಿಯ ಮೇಲೆ ನೆಮ್ಮದಿಯಾಗಿ ಹೊಟ್ಟೆಕಿಚ್ಚು ಪಡಲೂ ಆಗದಲ್ಲ ಎಂದು ಅಂಬುಜಾಕ್ಷಿಗೆ ಸಿಟ್ಟೇ ಬಂತು. ಕೂಸಿನ ಬಾಯಿಂದ ದಾರ ಬಿಡಿಸಿದಳು. ದೂರದಿಂದ ಚಪ್ಪಲಿಯ ಸದ್ದು ಹತ್ತಿರವಾಗಿ, ಬಾಯಲ್ಲಿ ಪಾನ್ ಇಟ್ಟುಕೊಂಡ ದನಿಯೊಂದು ಹಲೋ ಎಂದಿತು.

"ನಮಸ್ಕಾರ ಸರ್," ಎಂದಳು ಅಂಬುಜಾಕ್ಷಿ. "ಫಲಿತಾಂಶ ಓದಿಬಿಟ್ಟಿರಾ? ಇಲ್ಲವಾದರೆ ಸ್ವಲ್ಪ ತಡೆಯಿರಿ. ನಾನು ಶುದ್ಧ ಅಂತ ಬರೆದುಕೊಟ್ಟದ್ದರಲ್ಲಿ ತಪ್ಪಿದೆ."